ಕೋಳಿ ಫೀಡಿನ ಮದ್ದು ಮತ್ತು ನಲವತ್ತು ವರ್ಷಗಳ ವಾದ

1976ರ ಸೆಪ್ಟೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಕೋಳಿ ಫಾರಂ ಕುರಿತ ವರದಿ ಅಚ್ಚಾಯಿತು. ಬರೆದವರು ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಸ್ಟುವರ್ಟ್ ಲೆವಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು. ಕೋಳಿಗಳ ಆಹಾರಕ್ಕೆ ಬೆರೆಸಿದ ಆಂಟಿಬಯೋಟಿಕ್ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಮೊದಲು ಆ ಕೋಳಿಗಳ ಕರುಳಿನಲ್ಲಿ, ಆಮೇಲೆ ಅವುಗಳನ್ನು ಸಾಕುವ ಮನೆಮಂದಿಯ ಕರುಳಿನಲ್ಲಿ ತುಂಬಿಕೊಂಡವು ಎಂಬುದು ವರದಿಯ ಸಾರ. ಆ ಮನೆಯವರು ಆ ಔಷಧವನ್ನು ನುಂಗಿರಲಿಲ್ಲ. ಈ ಪುರಾವೆ ಬೇಡುತ್ತಿದ್ದ ಕ್ರಮವನ್ನು, ಅಂದರೆ ಪ್ರಾಣಿಗಳ ತೂಕ ಹೆಚ್ಚಿಸಲು ಇಂಥ ಮದ್ದು ಬೆರೆಸುವುದಕ್ಕೆ ತಡೆಯನ್ನು, ಅಮೆರಿಕ ಸರ್ಕಾರ ಕೈಗೊಂಡದ್ದು 2017ರ ಜನವರಿಯಲ್ಲಿ. ನಡುವಿನ ನಲವತ್ತು ವರ್ಷಗಳು ವಿಜ್ಞಾನಕ್ಕೆ ಸಂಗತಿ ತಿಳಿಯದೆ ಕಳೆದುಹೋದವೆಂದು ಹೇಳುವಂತಿಲ್ಲ. ‘ಈ ಫಾರಂನ ಈ ಬ್ಯಾಕ್ಟೀರಿಯಾದಿಂದಲೇ ಈ ರೋಗಿ ಸತ್ತ’ ಎಂದು ಕೊನೆಯ ಕೊಂಡಿಯವರೆಗೂ ತೋರಿಸಿ ಎಂಬ ಬೇಡಿಕೆಯೇ ಆ ವರ್ಷಗಳನ್ನು ನುಂಗಿತು. ಮೇಲುನೋಟಕ್ಕೆ ನ್ಯಾಯವಾಗಿ ಕಾಣುವ ಈ ಬೇಡಿಕೆ ಮೂಲದಲ್ಲೇ ತಪ್ಪು, ಇದನ್ನು ಪೂರೈಸುವವರೆಗೆ ಕಾಯುತ್ತೇವೆ ಎನ್ನುವವರು ಎಂದೆಂದಿಗೂ ಕಾಯಬೇಕಾಗುತ್ತದೆ ಎಂಬುದು ನನ್ನ ವಾದ. ಲೆವಿಯವರ ವೃತ್ತಿಜೀವನವೇ ಇದಕ್ಕೆ ಸಾಕ್ಷಿ.

ಕತೆಯ ಬೇರು ಎರಡು ಕಡೆ ಇದೆ. ಮೊದಲನೆಯದು ಅಮೆರಿಕದ ಲೆಡರ್ಲಿ ಕಂಪನಿಯ ಪ್ರಯೋಗಾಲಯ. ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಲ್ಲಿ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕಾಲದಲ್ಲೇ ಆರಿಯೋಮೈಸಿನ್, ಅಂದರೆ ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧ, ಹೊರಬಂದಿತ್ತು. ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಅದೇ ಸಂಸ್ಥೆಯ ಥಾಮಸ್ ಜ್ಯೂಕ್ಸ್ ಎಂಬ ವಿಜ್ಞಾನಿ, ಆರಿಯೋಮೈಸಿನ್ ತೆಗೆದ ಮೇಲೆ ಉಳಿದ ಹುದುಗಿನ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಅದರಲ್ಲಿರುವ ಬಿ12 ಜೀವಸತ್ವದಿಂದ ಮರಿಗಳು ಬೆಳೆಯುತ್ತವೆಯೇ ಎಂಬುದು ಅವರ ಪ್ರಶ್ನೆ. ಮರಿಗಳು ಬಿ12ಕ್ಕೆ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ತೂಕ ಬಂದವು, ಹೆಚ್ಚುವರಿ ತೂಕಕ್ಕೆ ಕಾರಣ ಗಸಿಯಲ್ಲಿ ಉಳಿದಿದ್ದ ಔಷಧವೇ ಎಂದು ಗೊತ್ತಾಯಿತು. 1951ರ ಹೊತ್ತಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಪಶು ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸಲು ಒಪ್ಪಿಗೆ ಕೊಟ್ಟಿತ್ತು. ಕಾಯಿಲೆ ಇಲ್ಲದ ಪ್ರಾಣಿಗೆ, ಕಾಯಿಲೆ ವಾಸಿಮಾಡಲು ಸಾಲದಷ್ಟು ಸಣ್ಣ ಪ್ರಮಾಣದಲ್ಲಿ, ಬದುಕಿರುವಷ್ಟು ದಿನವೂ ಮದ್ದು ತಿನ್ನಿಸುವ ಪದ್ಧತಿ ಹೀಗೆ ಶುರುವಾಯಿತು.

ಎರಡನೆಯ ಬೇರು ಜಪಾನಿನದು. ಯುದ್ಧಾನಂತರದ ಜಪಾನಿನಲ್ಲಿ ಆಮಶಂಕೆ ವ್ಯಾಪಕವಾಗಿತ್ತು. 1950ರ ದಶಕದಲ್ಲಿ ಅಲ್ಲಿನ ವೈದ್ಯರು ಒಂದು ವಿಚಿತ್ರವನ್ನು ಕಂಡರು. ಆಮಶಂಕೆಯ ಷಿಗೆಲ್ಲಾ ಬ್ಯಾಕ್ಟೀರಿಯಾ ಒಂದೊಂದೇ ಔಷಧಕ್ಕೆ ನಿರೋಧ ಬೆಳೆಸಿಕೊಳ್ಳುವ ಬದಲು ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ನಾಲ್ಕಕ್ಕೂ ಒಟ್ಟಿಗೇ ಜಗ್ಗದಂತಾಗಿತ್ತು. ಅದೇ ರೋಗಿಯ ಕರುಳಿನಲ್ಲಿದ್ದ ನಿರಪಾಯಕಾರಿ ಇ. ಕೋಲಿಯಲ್ಲೂ ಅದೇ ನಾಲ್ಕು ನಿರೋಧಗಳು ಸಿಕ್ಕವು. ನಿರೋಧದ ಗುಣ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಮತ್ತೊಂದು ಜಾತಿಗೆ ದಾಟುತ್ತದೆ ಎಂದು ಅಕಿಬಾ ಮತ್ತು ಓಚಿಯಾಯ್ 1959ರಲ್ಲಿ ಬೇರೆ ಬೇರೆಯಾಗಿ ತೋರಿಸಿದರು. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ತ್ಸುತೊಮು ವಟನಾಬೆ 1963ರಲ್ಲಿ ಈ ವಿಷಯವನ್ನು ಇಂಗ್ಲಿಷಿನ ದೀರ್ಘ ಲೇಖನವೊಂದರಲ್ಲಿ ವಿವರಿಸಿದಾಗ ಪಶ್ಚಿಮದ ದೇಶಗಳಿಗೆ ಇದರ ಅರಿವಾಯಿತು. ಸಾಗಿಸುತ್ತಿದ್ದದ್ದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ. ಅದು ಬ್ಯಾಕ್ಟೀರಿಯಾದ ವರ್ಣತಂತುವಿನಿಂದ ಬೇರೆಯಾಗಿ ಇರುತ್ತದೆ, ತನ್ನ ನಕಲು ಮಾಡಿಕೊಂಡು ಪಕ್ಕದ ಕೋಶಕ್ಕೆ ಹೋಗುತ್ತದೆ, ಹೋಗುವಾಗ ಎಷ್ಟೋ ನಿರೋಧಕ ಜೀನ್‌ಗಳನ್ನು ಒಟ್ಟಿಗೆ ಒಯ್ಯುತ್ತದೆ. 1938ರಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದ ಲೆವಿ ವಟನಾಬೆಯವರ ಪ್ರಯೋಗಾಲಯಕ್ಕೆ ಹೋಗಿ ಕಲಿತರು. 1971ರಲ್ಲಿ ಟಫ್ಟ್ಸ್ ಸೇರಿದಾಗ ಅವರ ಕೈಯಲ್ಲಿದ್ದ ಮುಖ್ಯ ಬಂಡವಾಳ ಈ ಜಪಾನೀ ವಿದ್ಯೆಯೇ.

ಆ ಹೊತ್ತಿಗೆ ಬ್ರಿಟನ್ ಎಚ್ಚೆತ್ತಿತ್ತು. ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದಲ್ಲಿದ್ದ ಇ. ಎಸ್. ಆಂಡರ್ಸನ್ ಕರುಗಳಲ್ಲಿ ಹಬ್ಬಿದ ಬಹು ಔಷಧ ನಿರೋಧಕ ಸಾಲ್ಮೊನೆಲ್ಲಾ ಮನುಷ್ಯರಿಗೂ ತಗುಲಿದ್ದನ್ನು 1960ರ ದಶಕದಲ್ಲಿ ದಾಖಲಿಸಿದ್ದರು. 1969ರಲ್ಲಿ ಸ್ವಾನ್ ಸಮಿತಿಯ ವರದಿ ಬಂದು, ಪೆನ್ಸಿಲಿನ್ ಮತ್ತು ಟೆಟ್ರಾಸೈಕ್ಲಿನ್‌ಗಳನ್ನು ಪ್ರಾಣಿಗಳ ತೂಕ ಹೆಚ್ಚಿಸಲು ಬಳಸುವುದಕ್ಕೆ ಆ ದೇಶದಲ್ಲಿ ತಡೆ ಬಿತ್ತು. ಅಮೆರಿಕದಲ್ಲಿ ಪಶು ಔಷಧ ತಯಾರಕರ ಸಂಘವಾದ ಆನಿಮಲ್ ಹೆಲ್ತ್ ಇನ್ಸ್‌ಟಿಟ್ಯೂಟ್ ತನ್ನದೇ ಹಣ ಕೊಟ್ಟು ಒಂದು ಅಧ್ಯಯನ ಮಾಡಿಸಲು ಹೊರಟಿತು. ಫೀಡಿನ ಮದ್ದಿನಿಂದ ಮನುಷ್ಯರಿಗೆ ಏನೂ ಆಗುವುದಿಲ್ಲ ಎಂಬ ಉತ್ತರ ಬರಬಹುದೆಂಬ ನಿರೀಕ್ಷೆ ಸಂಘಕ್ಕಿತ್ತು. ಅಧ್ಯಯನಕ್ಕೆ ಒಪ್ಪಿಕೊಂಡವರು ಲೆವಿ.

ಪ್ರಯೋಗದ ರಚನೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅದರ ಬಲ ಇರುವುದು ಸರಳತೆಯಲ್ಲಿ. ಬಾಸ್ಟನ್ ಹತ್ತಿರದ ಷರ್ಬರ್ನ್ ಊರಿನ ಒಂದು ಸಣ್ಣ ಫಾರಂ ಆರಿಸಿಕೊಂಡರು. ಆಗಷ್ಟೇ ಮೊಟ್ಟೆಯೊಡೆದ 300 ಮರಿಗಳನ್ನು ತಂದು, ಐವತ್ತು ಐವತ್ತರಂತೆ ಗೂಡುಗಳಲ್ಲಿ ಬಿಟ್ಟರು. ಅರ್ಧ ಮರಿಗಳಿಗೆ ಸಾದಾ ಆಹಾರ, ಇನ್ನರ್ಧಕ್ಕೆ ಸ್ವಲ್ಪ ಆಕ್ಸಿಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ. ಫೀಡು ಶುರುಮಾಡುವ ಮೊದಲೇ ಕೋಳಿಗಳ ಹಿಕ್ಕೆಯ ಜೊತೆಗೆ ಮನೆಯವರ ಮಲದ ಮಾದರಿಗಳನ್ನೂ ಸಂಗ್ರಹಿಸಿದರು, ಹೋಲಿಕೆಗೆಂದು ನೆರೆಹೊರೆಯವರದನ್ನೂ ತೆಗೆದುಕೊಂಡರು. ಮದ್ದಿನ ಫೀಡು ತಿಂದ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಒಂದು ವಾರದೊಳಗೆ ಬಹುಪಾಲು ಟೆಟ್ರಾಸೈಕ್ಲಿನ್‌ಗೆ ಜಗ್ಗದಂತಾದವು. ಐದಾರು ತಿಂಗಳು ಕಳೆಯುವಷ್ಟರಲ್ಲಿ ಮನೆಯವರಿಂದ ವಾರವಾರ ತೆಗೆದ ಮಾದರಿಗಳ ಪೈಕಿ ಶೇ. 31.3ರಲ್ಲಿ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್ ನಿರೋಧಕವಾಗಿದ್ದವು. ನೆರೆಯವರಲ್ಲಿ ಅಂಥ ಮಾದರಿಗಳು ಶೇ. 6.8 ಮಾತ್ರ. ಫೀಡಿನಲ್ಲಿದ್ದದ್ದು ಒಂದೇ ಔಷಧ, ಆದರೆ ಕಾಲ ಕಳೆದಂತೆ ಕೋಳಿಗಳಲ್ಲೂ ಮನುಷ್ಯರಲ್ಲೂ ಸಿಕ್ಕ ಬ್ಯಾಕ್ಟೀರಿಯಾ ಹಲವು ಔಷಧಗಳಿಗೆ ಒಟ್ಟಿಗೇ ಜಗ್ಗದವಾಗಿದ್ದವು. ವಟನಾಬೆ ಹೇಳಿದ ಪ್ಲಾಸ್ಮಿಡ್ಡಿನ ಸಾಮೂಹಿಕ ಸಾಗಣೆ ಇದೇ. ಗುರುತು ಹಾಕಿದ ಪ್ಲಾಸ್ಮಿಡ್ ಹೊತ್ತ ಇ. ಕೋಲಿಯನ್ನು ಕೆಲವು ಕೋಳಿಗಳಿಗೆ ಕೊಟ್ಟು, ಅದು ಕೋಳಿಯಿಂದ ಕೋಳಿಗೂ ಕೋಳಿಯಿಂದ ಮನುಷ್ಯನಿಗೂ ದಾಟಿದ್ದನ್ನು ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇನ್ನೊಂದು ಸಂಗತಿಯನ್ನು ವಾದ ಮಾಡುವವರು ಅಷ್ಟಾಗಿ ನೆನೆಯುವುದಿಲ್ಲ. ಮದ್ದಿನ ಫೀಡು ನಿಲ್ಲಿಸಿ ಆರು ತಿಂಗಳಾದ ಮೇಲೆ ಪರೀಕ್ಷಿಸಿದಾಗ, ಹತ್ತು ಮಂದಿಯಲ್ಲಿ ಎಂಟು ಮಂದಿಯ ಮಾದರಿಯಲ್ಲಿ ಟೆಟ್ರಾಸೈಕ್ಲಿನ್ ನಿರೋಧಕ ಬ್ಯಾಕ್ಟೀರಿಯಾ ಕಾಣಲಿಲ್ಲ. ಮದ್ದಿನ ಒತ್ತಡ ಹಾಕಿದಾಗ ನಿರೋಧ ಏರಿತು, ತೆಗೆದಾಗ ಇಳಿಯಿತು. ಕಾರಣ ಮತ್ತು ಪರಿಣಾಮದ ನಂಟಿಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಯಾವುದು?

ಮರುವರ್ಷವೇ, 1977ರಲ್ಲಿ, ಎಫ್‌ಡಿಎ ಆಯುಕ್ತ ಡೊನಾಲ್ಡ್ ಕೆನಡಿ ಪಶು ಆಹಾರದಲ್ಲಿ ಪೆನ್ಸಿಲಿನ್ ಬಳಕೆಯನ್ನೂ ಟೆಟ್ರಾಸೈಕ್ಲಿನ್‌ನ ಬಹುಪಾಲು ಬಳಕೆಯನ್ನೂ ನಿಲ್ಲಿಸುವ ಪ್ರಸ್ತಾವ ಮುಂದಿಟ್ಟರು. ಕೃಷಿ ಬಜೆಟ್ಟಿನ ಕೀಲಿಕೈ ಹಿಡಿದಿದ್ದ ಸಂಸದ ಜೇಮಿ ವಿಟನ್ ಮತ್ತು ಸಂಗಡಿಗರು ಇನ್ನೂ ಅಧ್ಯಯನ ಆಗಬೇಕು ಎಂದು ಪಟ್ಟು ಹಿಡಿದರು, ಸಂಸತ್ತು ಆ ಷರತ್ತನ್ನು ಅನುದಾನಕ್ಕೇ ಕಟ್ಟಿಹಾಕಿತು. 1980ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ಅಪಾಯವಿದೆ ಎಂದಾಗಲಿ ಇಲ್ಲ ಎಂದಾಗಲಿ ಈಗಿರುವ ಮಾಹಿತಿಯಿಂದ ಸಾಬೀತಾಗಿಲ್ಲ ಎಂದು ಹೇಳಿತು. ಅದನ್ನು ಉದ್ಯಮ ‘ಅಪಾಯ ಇಲ್ಲ’ ಎಂದೇ ಓದಿಕೊಂಡಿತು. ಎಫ್‌ಡಿಎ ತನ್ನ ಪ್ರಸ್ತಾವವನ್ನು ಕಡತದಲ್ಲೇ ಇಟ್ಟುಕೊಂಡು, 2011ರ ಡಿಸೆಂಬರ್‌ನಲ್ಲಿ ಔಪಚಾರಿಕವಾಗಿ ಹಿಂದಕ್ಕೆ ತೆಗೆದುಕೊಂಡಿತು.

ಹಾಗಾದರೆ ಕೊನೆಯ ಕೊಂಡಿಯ ಪುರಾವೆ ಎಂದೂ ಸಿಗಲಿಲ್ಲವೇ? ಒಮ್ಮೆ ಸಿಕ್ಕಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸ್ಕಾಟ್ ಹೋಂಬರ್ಗ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಾಲ್ಕು ರಾಜ್ಯಗಳ 18 ರೋಗಿಗಳಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ನಿರೋಧಕ ಸಾಲ್ಮೊನೆಲ್ಲಾ ತಗುಲಿತ್ತು. ಪ್ಲಾಸ್ಮಿಡ್ಡಿನ ಜಾಡು ಹಿಡಿದು ಹೊರಟವರು ಕೊಚ್ಚಿದ ದನದ ಮಾಂಸದ ಮೂಲಕ, ಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ ತಿಂದಿದ್ದ ಸೌತ್ ಡಕೋಟಾದ ದನಗಳ ಹಿಂಡಿಗೆ ಹೋಗಿ ತಲುಪಿದರು. 11 ಮಂದಿ ಆಸ್ಪತ್ರೆ ಸೇರಿದ್ದರು, ಒಬ್ಬರು ಸತ್ತರು. ಬಹುಮಂದಿ ಕಾಯಿಲೆ ಬೀಳುವ ಮುಂಚೆ ಗಂಟಲು ನೋವಿನಂಥ ಬೇರೆ ಯಾವುದೋ ಕಾರಣಕ್ಕೆ ಆಂಟಿಬಯೋಟಿಕ್ ನುಂಗಿದ್ದರು. ಮದ್ದು ಕರುಳಿನ ಉಳಿದ ಬ್ಯಾಕ್ಟೀರಿಯಾಗಳನ್ನು ಕೊಂದಿತು, ಅದಕ್ಕೆ ಜಗ್ಗದ ಸಾಲ್ಮೊನೆಲ್ಲಾಕ್ಕೆ ಜಾಗ ತೆರವಾಯಿತು. ಈ ಪತ್ತೆ ಸಾಧ್ಯವಾದದ್ದು ಅಪರೂಪದ ತಳಿ, ಗುರುತು ಹಿಡಿಯಬಲ್ಲ ಪ್ಲಾಸ್ಮಿಡ್, ಒಂದೇ ಹಿಂಡು, ಒಂದೇ ಋತು, ಇಷ್ಟೂ ಒಟ್ಟಿಗೆ ಕೂಡಿಬಂದಿದ್ದರಿಂದ. ಸಾಮಾನ್ಯವಾಗಿ ನಡೆಯುವುದು ಬೇರೆ. ನಿರೋಧಕ ಜೀನ್ ಕೋಳಿಯ ಇ. ಕೋಲಿಯಿಂದ ಮನುಷ್ಯನ ಇ. ಕೋಲಿಗೆ, ಅಲ್ಲಿಂದ ಇನ್ನೊಂದು ಪ್ಲಾಸ್ಮಿಡ್ಡಿಗೆ, ಅಲ್ಲಿಂದ ಕ್ಲೆಬ್ಸಿಯೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾಕ್ಕೆ ಹಾರುತ್ತದೆ. ಅದನ್ನು ಹೊತ್ತವರು ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತಾರೆ. ಒಂದು ದಿನ ಮೂತ್ರದ ಸೋಂಕೋ ಶಸ್ತ್ರಚಿಕಿತ್ಸೆಯ ಗಾಯವೋ ಬಂದಾಗ ಮದ್ದು ನಾಟುವುದಿಲ್ಲ. ಅಷ್ಟರಲ್ಲಿ ಮೂಲದ ಬ್ಯಾಕ್ಟೀರಿಯಾ ಅಳಿದಿರುತ್ತದೆ, ಕೋಳಿ ಮಾರಾಟವಾಗಿ ಹೋಗಿರುತ್ತದೆ. ಚಲಿಸುವುದು ಜೀನ್ ಆಗಿರುವಾಗ ರೋಗಾಣುವಿನ ಜಾಡನ್ನೇ ಪುರಾವೆಯಾಗಿ ಕೇಳುವುದು ಜೀವವಿಜ್ಞಾನಕ್ಕೆ ಹೊಂದದ ಮಾತು. ನೀತಿ ನಿಲ್ಲಬೇಕಾದದ್ದು ಒತ್ತಡದ ಲೆಕ್ಕದ ಮೇಲೆ, ಅಂದರೆ ಎಷ್ಟು ಔಷಧ, ಎಲ್ಲೆಲ್ಲಿ, ಎಷ್ಟು ಕಾಲ ಚೆಲ್ಲಾಡಿದೆ ಎಂಬುದರ ಮೇಲೆ.

ಪ್ರತಿವಾದಗಳು ಹುರುಳಿಲ್ಲದವೇನಲ್ಲ. ಮೊದಲನೆಯದು, ನಿರೋಧ ನಿಸರ್ಗದಲ್ಲೇ ಇದೆ, ಅದಕ್ಕೆ ಮನುಷ್ಯ ಕಾರಣನಲ್ಲ ಎಂಬುದು. ಮಾತು ಅರ್ಧ ಸತ್ಯ. ಕೆನಡಾದ ಯೂಕಾನ್ ಪ್ರದೇಶದ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಟೆಟ್ರಾಸೈಕ್ಲಿನ್, ಪೆನ್ಸಿಲಿನ್ ಬಗೆಯ ಔಷಧ ಮತ್ತು ವ್ಯಾಂಕೋಮೈಸಿನ್‌ಗೆ ನಿರೋಧ ಕೊಡುವ ಜೀನ್‌ಗಳು ಸಿಕ್ಕಿವೆ ಎಂದು 2011ರಲ್ಲಿ ಪ್ರಕಟವಾಯಿತು. ಮಣ್ಣಿನ ಸೂಕ್ಷ್ಮಜೀವಿಗಳೇ ಈ ಔಷಧಗಳನ್ನು ತಯಾರಿಸುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಇ. ಜಿ. ಡಿ. ಮರ್ರೆ ಎಂಬ ವಿಜ್ಞಾನಿ 1917ರಿಂದ 1954ರವರೆಗೆ ನಾನಾ ದೇಶಗಳಿಂದ ಕೂಡಿಸಿಟ್ಟಿದ್ದ ಕರುಳಿನ ಬ್ಯಾಕ್ಟೀರಿಯಾಗಳ ಸಂಗ್ರಹವೊಂದಿದೆ. ಅದನ್ನು ನವೋಮಿ ದತ್ತಾ ಮತ್ತು ವಿಕ್ಟೋರಿಯಾ ಹ್ಯೂಸ್ ಪರೀಕ್ಷಿಸಿ 1983ರಲ್ಲಿ ವರದಿ ಮಾಡಿದರು. ಕೋಶದಿಂದ ಕೋಶಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ಗಳು ಆ ಹಳೆಯ ತಳಿಗಳ ಕಾಲುಭಾಗದಷ್ಟರಲ್ಲಿ ಇದ್ದವು, ಅವುಗಳ ಮೇಲೆ ಔಷಧ ನಿರೋಧದ ಜೀನ್‌ಗಳು ಇರಲಿಲ್ಲ. ಸಾಗಿಸುವ ಗಾಡಿ ಮೊದಲಿನಿಂದ ಇತ್ತು, ಸರಕು ಹೇರಿದ್ದು ನಮ್ಮ ಕಾಲ. ನಿರೋಧದ ಜೀನ್ ಮಣ್ಣಿನಲ್ಲಿ ಸುಮ್ಮನೆ ಇರುವುದಕ್ಕೂ ಅದು ಆಸ್ಪತ್ರೆಯ ರೋಗಾಣುವಿನೊಳಗೆ ಬಂದು ಕೂರುವುದಕ್ಕೂ ನಡುವಿನ ದಾರಿಯನ್ನು ಸವೆಸಿದ್ದು ಟನ್ನುಗಟ್ಟಲೆ ಔಷಧ.

ಎರಡನೆಯದು, ದನಕೋಳಿಗಳ ಮದ್ದು ಬೇರೆ ಮನುಷ್ಯರ ಮದ್ದು ಬೇರೆಯಾಗಿದ್ದರೆ ಸಾಕಲ್ಲವೇ ಎಂಬುದು. ಇದಕ್ಕೂ ಲೆವಿಯವರ ಪ್ರಯೋಗಾಲಯವೇ ಉತ್ತರ ಹುಡುಕಿತು. 1980ರಲ್ಲಿ ಲಾರಾ ಮೆಕ್‌ಮರ್ರಿ ಜೊತೆ ಅವರು ತೋರಿಸಿದ್ದು ಇದು: ನಿರೋಧಕ ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್‌ನ್ನು ಒಡೆಯುವುದಿಲ್ಲ, ಒಳಗೆ ಬಂದದ್ದನ್ನು ಶಕ್ತಿ ಖರ್ಚುಮಾಡಿ ಪಂಪಿನಂತೆ ಹೊರಗೆ ಹಾಕುತ್ತದೆ. ಬ್ಯಾಕ್ಟೀರಿಯಾ ಔಷಧವನ್ನು ಹೀಗೂ ಎದುರಿಸಬಹುದು ಎಂಬುದು ಆಗ ಹೊಸ ತಿಳಿವಳಿಕೆ. ಇ. ಕೋಲಿಯ ಒಂದೇ ನಿಯಂತ್ರಕ ಜೀನ್ ಬದಲಾದರೆ ಪರಸ್ಪರ ಸಂಬಂಧವಿಲ್ಲದ ಹಲವು ಔಷಧಗಳಿಗೆ ಒಮ್ಮೆಲೇ ನಿರೋಧ ಬರುತ್ತದೆ ಎಂದು ಆಮೇಲೆ ತೋರಿಸಿದರು. 1998ರಲ್ಲಿ ಸಾಬೂನು, ಟೂತ್‌ಪೇಸ್ಟುಗಳಲ್ಲಿದ್ದ ಟ್ರೈಕ್ಲೋಸಾನ್ ಕೂಡ ಆಂಟಿಬಯೋಟಿಕ್‌ನಂತೆಯೇ ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ಕಿಣ್ವಕ್ಕೆ ಹೊಡೆಯುತ್ತದೆ, ಆದ್ದರಿಂದ ಅದಕ್ಕೂ ನಿರೋಧ ಹುಟ್ಟುತ್ತದೆ ಎಂದು ಮೆಕ್‌ಮರ್ರಿ, ಲೆವಿ ಮತ್ತು ಸಂಗಡಿಗರು ಪ್ರಕಟಿಸಿದರು. ಕೈತೊಳೆಯುವ ಸಾಬೂನುಗಳಿಂದ ಅದನ್ನು ಎಫ್‌ಡಿಎ ತೆಗೆಸಿದ್ದು 2016ರಲ್ಲಿ, ಅಲ್ಲಿಯೂ ಹದಿನೆಂಟು ವರ್ಷ ಹಿಡಿಯಿತು. ಪ್ಲಾಸ್ಮಿಡ್, ಪಂಪು, ಸಾಮಾನ್ಯ ನಿಯಂತ್ರಕ ಜೀನ್ ಇವೆಲ್ಲ ಇರುವಲ್ಲಿ ‘ಬೇರೆ ಮದ್ದು’ ಎಂಬ ಗೋಡೆ ನಿಲ್ಲುವುದಿಲ್ಲ. ಮಾನವ ಬಳಕೆಯ ವ್ಯಾಂಕೋಮೈಸಿನ್‌ನ ದಾಯಾದಿಯಾದ, ಪ್ರಾಣಿಗಳಿಗೆ ತಿನ್ನಿಸುತ್ತಿದ್ದ ಅವೊಪಾರ್ಸಿನ್ ವಿಷಯದಲ್ಲಿ ಯುರೋಪು ಇದನ್ನು ಕಂಡುಕೊಂಡಿತು. ಡೆನ್ಮಾರ್ಕ್ 1995ರಲ್ಲಿ ಅದನ್ನು ನಿಷೇಧಿಸಿದ ಮೇಲೆ ಕೋಳಿಗಳಲ್ಲಿ ವ್ಯಾಂಕೋಮೈಸಿನ್ ನಿರೋಧಕ ಎಂಟರೊಕೊಕಸ್ ಬ್ಯಾಕ್ಟೀರಿಯಾ ಇಳಿಯಿತು.

ಮೂರನೆಯ ಆಕ್ಷೇಪ ರೈತನದು, ನನ್ನ ದೃಷ್ಟಿಯಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಮದ್ದು ನಿಲ್ಲಿಸಿದರೆ ಮರಿಗಳು ಸಾಯುತ್ತವೆ, ಮಾಂಸ ತುಟ್ಟಿಯಾಗುತ್ತದೆ, ಸಣ್ಣ ಸಾಕಣೆದಾರ ಮುಳುಗುತ್ತಾನೆ. ಡೆನ್ಮಾರ್ಕಿನ ಅನುಭವ ಇದನ್ನು ಪೂರ್ತಿ ಸುಳ್ಳು ಮಾಡುವುದಿಲ್ಲ. ತೂಕ ಹೆಚ್ಚಿಸುವ ಮದ್ದು ನಿಂತಾಗ ಹಾಲು ಬಿಡಿಸಿದ ಹಂದಿಮರಿಗಳಲ್ಲಿ ಭೇದಿ ಹೆಚ್ಚಿತು, ಚಿಕಿತ್ಸೆಯ ಔಷಧದ ಬಳಕೆ ಸ್ವಲ್ಪ ಕಾಲ ಏರಿತು. ಆದರೂ ಒಟ್ಟು ಬಳಕೆ ಹಿಂದಿನದಕ್ಕಿಂತ ಬಹಳ ಕೆಳಗೆ ಉಳಿಯಿತು, ಹಂದಿ ಸಾಕಣೆ ಬೆಳೆಯುತ್ತಲೇ ಹೋಯಿತು. ಗೂಡಿನ ಸ್ವಚ್ಛತೆ, ಗಾಳಿ, ಇರುಕು ತಪ್ಪಿಸುವುದು, ಹಾಲು ಬಿಡಿಸುವ ವಯಸ್ಸು, ಇವನ್ನು ಸರಿಮಾಡಿಕೊಂಡವರು ತಾಳಿಕೊಂಡರು. ತೂಕ ಹೆಚ್ಚಿಸುವ ಮದ್ದನ್ನು ಸ್ವೀಡನ್ 1986ರಲ್ಲಿ, ಇಡೀ ಯುರೋಪ್ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಚೀನಾದಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೆ ನಿರೋಧ ಕೊಡುವ ಎಂಸಿಆರ್-1 ಜೀನ್ 2015ರಲ್ಲಿ ವರದಿಯಾಗಿ, 2017ರಲ್ಲಿ ಆ ಔಷಧವನ್ನು ಪ್ರಾಣಿಗಳ ಬೆಳವಣಿಗೆಗೆ ಬಳಸುವುದು ನಿಂತ ಮೇಲೆ ಹಂದಿಗಳಲ್ಲೂ ಜನರಲ್ಲೂ ಆ ಜೀನ್ ಇಳಿಮುಖವಾಯಿತು. ಷರ್ಬರ್ನ್ ಫಾರಂನಲ್ಲಿ ಆರು ತಿಂಗಳಲ್ಲಿ ಕಂಡದ್ದು ಒಂದು ಖಂಡದಷ್ಟು ದೊಡ್ಡ ದೇಶದಲ್ಲಿ ಕಂಡಿತು. ಭಾರತವೂ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಅದು ಒಳ್ಳೆಯ ಕೆಲಸ.

ಲೆವಿ 1981ರಲ್ಲಿ ಔಷಧಗಳ ವಿವೇಕದ ಬಳಕೆಗಾಗಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು, 1992ರಲ್ಲಿ ಸಾಮಾನ್ಯ ಓದುಗರಿಗಾಗಿ ‘ದಿ ಆಂಟಿಬಯೋಟಿಕ್ ಪ್ಯಾರಡಾಕ್ಸ್’ ಬರೆದರು. ಪಂಪಿನ ತಿಳಿವಳಿಕೆಯ ಬಲದಿಂದ, ಆ ಪಂಪು ಹೊರಹಾಕಲಾಗದ ಟೆಟ್ರಾಸೈಕ್ಲಿನ್ ಬಗೆಯ ಔಷಧ ಹುಡುಕಲು 1996ರಲ್ಲಿ ವಿಜ್ಞಾನಿ ವಾಲ್ಟರ್ ಗಿಲ್ಬರ್ಟ್ ಜೊತೆ ಕಂಪನಿ ಹುಟ್ಟುಹಾಕಿದರು. ಅದರ ಫಲವಾದ ಒಮಡಾಸೈಕ್ಲಿನ್‌ಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವರು ತೀರಿಕೊಂಡದ್ದು 2019ರ ಸೆಪ್ಟೆಂಬರ್‌ನಲ್ಲಿ. ಆ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 12.7 ಲಕ್ಷ ಸಾವುಗಳಿಗೆ ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣ ಎಂದು 2022ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಂದಾಜು ಹೇಳುತ್ತದೆ.

ಫಾರಂನಿಂದ ಚರಂಡಿಗೆ ಬಂದರೆ ಇದೇ ವಾದ ನಮ್ಮ ಮನೆ ಬಾಗಿಲಲ್ಲಿ ನಿಂತಿದೆ. ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದ ಯೋಆಕಿಮ್ ಲಾರ್ಸನ್, ಮೀನುಗಳ ಮೇಲೆ ಔಷಧದ ಉಳಿಕೆಗಳ ಪರಿಣಾಮ ಅಧ್ಯಯನ ಮಾಡುತ್ತಿದ್ದವರು, 2007ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಸಾಮೂಹಿಕ ತ್ಯಾಜ್ಯ ಸಂಸ್ಕರಣಾ ಘಟಕದ ನೀರಿನ ವಿಶ್ಲೇಷಣೆ ಪ್ರಕಟಿಸಿದರು. ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಅಲ್ಲಿಗೆ ಬರುತ್ತಿತ್ತು. ಸಂಸ್ಕರಿಸಿ ಹೊರಬಿಟ್ಟ ನೀರಿನ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲೊಕ್ಸಾಸಿನ್ ಸಿಕ್ಕಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಸಾಂದ್ರತೆ ಇರುವುದಿಲ್ಲ. ಒಂದು ದಿನ ಹೊರಬೀಳುತ್ತಿದ್ದ ಸಿಪ್ರೊಫ್ಲೊಕ್ಸಾಸಿನ್ ಇಡೀ ಸ್ವೀಡನ್ ಐದು ದಿನ ಬಳಸುವಷ್ಟು. ಆ ನೀರು ಇಸಕವಾಗು, ನಕ್ಕವಾಗು ಹಳ್ಳಗಳ ದಾರಿಯಾಗಿ ಮಂಜೀರಾ ನದಿಯನ್ನು ಸೇರುತ್ತಿತ್ತು. ನಮ್ಮ ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಇಳಿಯುವ ಮಂಜೀರಾವೇ ಅದು. ಕೆಳಹರಿವಿನ ಕೆಸರಿನಲ್ಲಿ ನಿರೋಧಕ ಜೀನ್‌ಗಳು ದಟ್ಟವಾಗಿರುವುದನ್ನು ಲಾರ್ಸನ್ ತಂಡ 2011ರಲ್ಲಿ ತೋರಿಸಿತು. ಅದೇ ವರ್ಷ ಟಿಮೋತಿ ವಾಲ್ಷ್ ತಂಡ ದೆಹಲಿಯ ರಸ್ತೆಬದಿಯ 171 ಕೊಳಚೆ ಮಾದರಿಗಳಲ್ಲಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ಎನ್‌ಡಿಎಂ-1 ಎಂಬ ನಿರೋಧಕ ಜೀನ್ ಪತ್ತೆಮಾಡಿತು. ಆ ಜೀನಿಗೆ ನಮ್ಮ ರಾಜಧಾನಿಯ ಹೆಸರಿಟ್ಟಿದ್ದಕ್ಕೆ ದೇಶದಲ್ಲಿ ಎದ್ದ ಸಿಟ್ಟು ಅರ್ಥವಾಗುವಂಥದ್ದೇ. ಊರಿನ ಹೆಸರನ್ನು ರೋಗಕ್ಕೆ ಅಂಟಿಸುವುದು ಒಳ್ಳೆಯ ಪದ್ಧತಿಯಲ್ಲ. ಆದರೆ ಆ ಸಿಟ್ಟಿನ ಗದ್ದಲದಲ್ಲಿ ಕೊಳಚೆ ನೀರಿನ ಪ್ರಶ್ನೆ ಬದಿಗೆ ಸರಿಯಿತು. ಕಾರ್ಖಾನೆ ನೀರಿನಿಂದ ಇಂಥ ರೋಗಿಯೇ ಸತ್ತ ಎಂದು ತೋರಿಸಿ ಎಂಬ ಮಾತನ್ನು ಇಲ್ಲಿಯೂ ಎತ್ತಿದರೆ ಅದಕ್ಕೆ ಉತ್ತರ 1976ರಲ್ಲೇ ಸಿಕ್ಕಿದೆ.

ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ, ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ 121 ಆಂಟಿಬಯೋಟಿಕ್‌ಗಳ ಉಳಿಕೆ ಎಷ್ಟಿರಬಹುದು ಎಂಬ ಮಿತಿಗಳಿದ್ದವು. ಮಿತಿಗಳ ಹಿಂದಿದ್ದ ತರ್ಕ ಒತ್ತಡದ ಲೆಕ್ಕವೇ: ಬ್ಯಾಕ್ಟೀರಿಯಾದಲ್ಲಿ ನಿರೋಧವನ್ನು ಪ್ರೋತ್ಸಾಹಿಸದಷ್ಟು ಕೆಳಗಿನ ಸಾಂದ್ರತೆ. ಅದರಿಂದ ಖರ್ಚು ಏರುತ್ತದೆ, ಮಾತ್ರೆಯ ಬೆಲೆ ಹೆಚ್ಚುತ್ತದೆ ಎಂಬ ಉದ್ಯಮದ ಅಳಲನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಅಗ್ಗದ ಭಾರತೀಯ ಔಷಧ ಅನೇಕ ಬಡದೇಶಗಳ ಜೀವ ಉಳಿಸಿದೆ. ಆದರೆ ಅಗ್ಗದ ಮಾತ್ರೆ ನಾಟದೇ ಹೋದರೆ ಅದರ ಬೆಲೆಯನ್ನು ರೋಗಿ ಐಸಿಯುವಿನಲ್ಲಿ ಕಟ್ಟುತ್ತಾನೆ. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಆಂಟಿಬಯೋಟಿಕ್ ಕಾರ್ಖಾನೆಗಳ ತ್ಯಾಜ್ಯಕ್ಕೆ ಮಾರ್ಗಸೂಚಿ ಪ್ರಕಟಿಸಿದೆ. ಕರಡಿನಲ್ಲಿದ್ದ ಅಂಕಿಗಳನ್ನು ಮತ್ತೆ ಕಾನೂನಿಗೆ ಸೇರಿಸಲು ಹೊಸ ಸಂಶೋಧನೆಗಾಗಿ ಕಾಯಬೇಕಿಲ್ಲ, ಸಚಿವಾಲಯ ಅವನ್ನು ಮತ್ತೆ ಸೇರಿಸಬೇಕು.